ಮೂರು ಮಳೆಗಾಲ ಕಂಡ ಸ್ಕ್ಯಾನರ್

ತೀರ್ಥಹಳ್ಳಿಯ ನಮ್ಮ ಮನೆಗೆ ಈ ಸ್ಕ್ಯಾನರ್ ಬಂದು ಮೂರು ಮಳೆಗಾಲ ಕಳೆಯಿತು. ಟ್ರಂಕಿನಲ್ಲಿದ್ದ ಫೋಟೊಗಳಿಗೆ ಬೂಷ್ಟು ಹಿಡಿಯತೊಡಗಿದ್ದರಿಂದ ಕೊಂಡದ್ದು. ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ತೆಳ್ಳಗಿನ ಯಂತ್ರ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಓಡುತ್ತದೆ. ಆಷಾಢದಲ್ಲಿ ನಮ್ಮ ಕಡೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಡಬ್ಬದ ಮೇಲೆ 4800 ಡಿಪಿಐ, ಅಂದರೆ ಇಂಚಿಗೆ ಅಷ್ಟು ಚುಕ್ಕೆ, ಎಂದು ದಪ್ಪಕ್ಷರದಲ್ಲಿದೆ. ಅಷ್ಟಲ್ಲದಿದ್ದರೂ 1200 ಆದರೂ ಇರಲಿ ಎಂದು ಶುರುಮಾಡಿದೆ. ಮೊದಲ ವಾರ ತೊಂಬತ್ತು ಫೋಟೊಗಳನ್ನು ಕುಗ್ಗಿಸದ ಟಿಫ್ ಕಡತಗಳಾಗಿ ಉಳಿಸುವಷ್ಟರಲ್ಲಿ 16 ಜಿಬಿ ಪೆನ್‌ಡ್ರೈವ್‌ನಲ್ಲಿ ಒಂಬತ್ತು ಜಿಬಿ ಮುಗಿದಿತ್ತು. ಆಮೇಲೆ ಬುದ್ಧಿ ಬಂದು, ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಿ ನೋಡಿದೆ. 4×6 ಇಂಚಿನ ಫೋಟೊ 300 ಡಿಪಿಐನಲ್ಲಿ 1200×1800 ಪಿಕ್ಸೆಲ್. ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಹಿಡಿದರೆ ಸುಮಾರು 6.5 ಎಂಬಿ. 600ಕ್ಕೆ ಏರಿಸಿದರೆ ಉದ್ದ, ಅಗಲ ಎರಡೂ ದುಪ್ಪಟ್ಟಾಗುವುದರಿಂದ ಕಡತ ನಾಲ್ಕು ಪಟ್ಟು, ಅಂದರೆ 26 ಎಂಬಿ. 1200ಕ್ಕೆ 104.

ಇಷ್ಟು ಸುರಿದದ್ದಕ್ಕೆ ಸಿಕ್ಕಿದ್ದೇನು? ಅಕ್ಕನ ಮದುವೆಯ ಬಣ್ಣದ ಫೋಟೊವೊಂದನ್ನು ಮೂರೂ ಅಳತೆಯಲ್ಲಿ ತೆಗೆದು ಸೀರೆಯ ಅಂಚನ್ನು ಹಿಗ್ಗಿಸಿ ನೋಡಿದೆ. 600ರಲ್ಲಿ ಜರಿ ಕೊಂಚ ಬಿಡಿಬಿಡಿಯಾಗಿತ್ತು. 1200ರಲ್ಲಿ ಇದ್ದದ್ದು ಅದೇ ಮಸುಕು, ಇನ್ನೂ ದೊಡ್ಡದಾಗಿ. ಕಾಗದದಲ್ಲೇ ಇಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ಅಂದಿನಿಂದ 600 ದಾಟಿಲ್ಲ.

ದಾಟಿದ್ದು ಒಂದೇ ಸಲ. ದೊಡ್ಡಮ್ಮನ ತವರುಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಡೆಯಾಯಿತು. ಆ ಮನೆಯದೆಂದು ಉಳಿದಿರುವುದು ಎರಡೂಕಾಲು ಇಂಚು ಅಗಲ, ಮೂರೂಕಾಲು ಇಂಚು ಉದ್ದದ ಒಂದು ಕಪ್ಪುಬಿಳುಪು ಫೋಟೊ. ನೆಗೆಟಿವ್ ಅನ್ನು ಕಾಗದಕ್ಕೇ ಒತ್ತಿ ತೆಗೆದ ಇಂಥ ಪ್ರಿಂಟುಗಳಲ್ಲಿ ವಿವರ ಹೆಚ್ಚು ಅಡಗಿರುತ್ತದೆ. 1200ರಲ್ಲಿ, ಬಣ್ಣ ಬಿಟ್ಟು ಬೂದುಛಾಯೆಗಳನ್ನಷ್ಟೇ ಹಿಡಿಯುವ ಗ್ರೇಸ್ಕೇಲ್‌ನಲ್ಲಿ ತೆಗೆದೆ: 2700×3900 ಪಿಕ್ಸೆಲ್, ಪಿಕ್ಸೆಲ್ಲಿಗೆ ಒಂದೇ ಬೈಟ್ ಆದ್ದರಿಂದ ಬರೀ ಹತ್ತೂವರೆ ಎಂಬಿ. ನಾಲ್ಕು ಪಟ್ಟು ಹಿಗ್ಗಿಸಿ 9×13 ಇಂಚಿಗೆ ಮುದ್ರಿಸಿದರೂ ಇಂಚಿಗೆ 300 ಪಿಕ್ಸೆಲ್ ಉಳಿಯುತ್ತದೆ. ಜಗಲಿಯ ಮೇಲಿನ ಬಿಳಿ ಚುಕ್ಕೆಯನ್ನು ನಾನು ಫೋಟೊದ ಕಲೆ ಎಂದುಕೊಂಡು ಅಳಿಸಲು ಹೊರಟಿದ್ದೆ. ದೊಡ್ಡಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಅದು ಅಪ್ಪಯ್ಯನ ಕವಳದ ಹರಿವಾಣ ಕಣೋ, ಮುಟ್ಟಬೇಡ" ಎಂದರು.

ದೋಷಗಳಿವೆ. ಗಾಜಿಗೆ ಪೂರ್ತಿ ಅಂಟದ ಫೋಟೊ ಮಂಜಾಗುತ್ತದೆ. ಮುದುರಿದವನ್ನು ಎರಡು ದಿನ ಪುಸ್ತಕದ ರಾಶಿಯಡಿ ಇಟ್ಟೇ ತೆಗೆಯಬೇಕು. ಎರಡನೆಯ ವರ್ಷ ಗಾಜಿನ ಒಳಮೈಗೇ ತೇವ ಕಟ್ಟಿತು. ಬಿಚ್ಚಲು ಧೈರ್ಯ ಸಾಲದೆ ನಲವತ್ತು ವ್ಯಾಟಿನ ಬಲ್ಬ್ ಉರಿಯುವ ಕಪಾಟಿನಲ್ಲಿ ವಾರವಿಟ್ಟೆ, ಆರಿತು. ಈಗ ಜೂನ್ ಬಂದರೆ ಅದರ ವಾಸ ಅಲ್ಲಿಯೇ.

ಬೆಂಗಳೂರಿನ ಚಿಕ್ಕಪ್ಪನ ಮಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳು ಮಸುಕು ಎಂದು ಸ್ಕ್ಯಾನರನ್ನು ಬೈದ. ಚಿತ್ರವಾಗಿ ಕಳಿಸಿದರೆ ವಾಟ್ಸ್‌ಆ್ಯಪ್ಪೇ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದ ಮೇಲೆ ಸುಮ್ಮನಾದ. ಈಗ ತನ್ನ ಮನೆಯ ಆಲ್ಬಮ್ಮುಗಳನ್ನೂ ತಂದು ಹಾಕುತ್ತೇನೆ ಎನ್ನುತ್ತಿದ್ದಾನೆ. ಮಳೆ ಬಿಡಲಿ ಎಂದಿದ್ದೇನೆ.