ಬಿಗಿಯಾದ ಮಡಿಸುವ ಚಾಕು ಬಿಡಿಸುವ ಸಾಧನಗಳು: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ಮಾವಿನ ಕಸಿ ಕಟ್ಟುವವರಿಗೆ ಮಳೆಗಾಲವೇ ಹಂಗಾಮು. ಗಾಳಿಯಲ್ಲಿ ತೇವ ತುಂಬಿರುವಾಗ ಕತ್ತರಿಸಿದ ಕುಡಿ ಬೇಗ ಬಾಡುವುದಿಲ್ಲ, ಬೇರುಸಸಿಯಲ್ಲೂ ರಸ ಚೆನ್ನಾಗಿ ಏರುತ್ತಿರುತ್ತದೆ. ಆದ್ದರಿಂದ ನಮ್ಮ ಮಲೆನಾಡಿನ ಕಡೆ ಅಪ್ಪೆಮಿಡಿಯ ಮೃದುಕಾಂಡ ಕಸಿಯನ್ನು (ಸಸಿಯ ಎಳೆಯ ಕಾಂಡಕ್ಕೆ ಕುಡಿ ಸೇರಿಸಿ ಕಟ್ಟುವುದು) ಹೆಚ್ಚಾಗಿ ಈ ತಿಂಗಳುಗಳಲ್ಲೇ ಕಟ್ಟುತ್ತೇವೆ. ಗಿಡಕ್ಕೆ ಒಗ್ಗುವ ಇದೇ ತೇವ ಮಡಿಸುವ ಚಾಕುವಿಗೆ ಒಗ್ಗುವುದಿಲ್ಲ. ಕೀಲಿಗೆ ತುಕ್ಕು ಹಿಡಿಯುತ್ತದೆ, ಮರದ ಹಿಡಿಯಾದರೆ ಉಬ್ಬುತ್ತದೆ, ಮಾವಿನ ಸೊನೆಯೂ ಹಲಸಿನ ಮೇಣವೂ ಅಲಗಿನ ಬುಡಕ್ಕೆ ಇಳಿದು ಅಲ್ಲೇ ಒಣಗಿ ಕೂರುತ್ತವೆ. ಹೆಬ್ಬೆರಳಿನ ಬುಡದ ಕೀಲು ಸವೆದು ಐದಾರು ವರ್ಷವಾಗಿರುವ ನನ್ನಂಥವನಿಗೆ ಚಾಕುವನ್ನು ತೆರೆಯುವುದೇ ಕಸಿ ಕಟ್ಟುವುದಕ್ಕಿಂತ ಕಷ್ಟದ ಕೆಲಸವಾಯಿತು. ಹೀಗಾಗಿ ಕಳೆದ ಮಳೆಗಾಲ ಪೂರ್ತಿ, ಬಿಗಿಯಾದ ಚಾಕುವನ್ನು ಬಿಡಿಸಲೆಂದೇ ಮಾರಾಟಕ್ಕಿರುವ ಒಂದೆರಡು ಸಾಧನಗಳನ್ನೂ ಮನೆಯಲ್ಲೇ ಸಿಗುವ ಇನ್ನೆರಡು ವಸ್ತುಗಳನ್ನೂ ಬಳಸಿ ನೋಡಿದೆ.

ಚಾಕುವನ್ನು ಬಿಚ್ಚಿಟ್ಟುಕೊಂಡೇ ಕೆಲಸ ಮಾಡಬಾರದೇ ಎಂದು ಕೇಳುವವರು ಇದ್ದಾರೆ. ಒಂದೇ ಕಡೆ ಕುಳಿತು ನೂರು ಸಸಿಗೆ ಕಸಿ ಕಟ್ಟುವಾಗ ಅದು ಸರಿ. ಆದರೆ ಕುಡಿ ತರಲು ಮರ ಹತ್ತುವಾಗ ಚಾಕು ಜೇಬಿನಲ್ಲಿ ಮಡಿಸಿಯೇ ಇರಬೇಕು; ಮೇಲೆ ಹೋದ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದುಕೊಂಡು, ಒದ್ದೆ ಬೆರಳುಗಳಲ್ಲಿ ಅದನ್ನು ತೆರೆಯಬೇಕು.

ಸಾಧನದ ಬಗ್ಗೆ ಹೇಳುವ ಮೊದಲು ಚಾಕು ಏಕೆ ಬಿಗಿಯಾಗಿರುತ್ತದೆ ಎಂಬುದನ್ನು ನೋಡಬೇಕು. ಕಾರಣ ತಿಳಿಯದೆ ಕೊಂಡ ಸಾಧನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬೀಗವಿಲ್ಲದ ಸಾಮಾನ್ಯ ಮಡಿಸುವ ಚಾಕುವಿನ ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದು ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಮುಚ್ಚಿರುವಾಗ ಅಲಗು ತಾನಾಗಿ ತೆರೆದುಕೊಳ್ಳದಂತೆ, ತೆರೆದಿರುವಾಗ ಬೆರಳ ಮೇಲೆ ಮಡಿಚಿಕೊಳ್ಳದಂತೆ ತಡೆಯುವುದು ಈ ಒತ್ತಡವೇ. ಸ್ವಿಟ್ಜರ್ಲೆಂಡಿನ ಈಬಾಖ್ ಊರಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ, ಮುಂದೆ ವಿಕ್ಟೋರಿನಾಕ್ಸ್ ಹೆಸರಿನಲ್ಲಿ ಲೋಕಪ್ರಸಿದ್ಧವಾದ, ಹಲವು ಉಪಕರಣಗಳನ್ನು ಮಡಿಸಿಟ್ಟುಕೊಂಡ ಆಫೀಸರ್ ಚಾಕುವಿನ ಜಾಣ್ಮೆಯೂ ಇಲ್ಲಿಯೇ ಇದೆ. ಒಂದೇ ಸ್ಪ್ರಿಂಗ್ ಎರಡೂ ಕಡೆಯ ಉಪಕರಣಗಳನ್ನು ಹಿಡಿದಿಡುವಂತೆ ಅವರು ಅದನ್ನು ರೂಪಿಸಿದರು. ಸ್ಪ್ರಿಂಗ್ ಬಲವಾಗಿದ್ದಷ್ಟೂ ಚಾಕು ಸುರಕ್ಷಿತ, ಉಗುರಿಗೆ ಮಾತ್ರ ಅಷ್ಟೇ ತ್ರಾಸ. ಇಂಥ ಬಿಗಿ ಚಾಕುವಿನ ದೋಷವಲ್ಲ, ಗುಣ. ತೆರೆಯುವ ಸಾಧನ ನಿಜವಾಗಿ ಬೇಕಾಗುವುದು ಈ ಬಿಗಿಗೆ.

ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕುವಿನ ಕಥೆ ಬೇರೆ. ಅದರಲ್ಲಿ ಬೆನ್ನಿನ ಸ್ಪ್ರಿಂಗೇ ಇಲ್ಲ. ಬೀಚ್ ಮರದ ಹಿಡಿಯಲ್ಲಿ ಸೀಳಿದ ಸಂದಿಯೊಳಗೆ ಅಲಗು ಬಿಗಿಯಾಗಿ ಕೂರುತ್ತದೆ, ಅಷ್ಟೆ. 1955ರಲ್ಲಿ ಅದರ ಹಿಡಿಯ ಕತ್ತಿನ ಭಾಗಕ್ಕೆ ತಿರುಗುವ ಉಕ್ಕಿನ ಉಂಗುರ ಬಂದ ಮೇಲೆ ತೆರೆದ ಅಲಗನ್ನು ಭದ್ರಪಡಿಸುವುದು ಸಾಧ್ಯವಾಯಿತು. ಮರಕ್ಕೆ ತೇವ ತಾಗಿದರೆ ಉಬ್ಬುವುದು ಸ್ವಭಾವ, ಉಬ್ಬಿದರೆ ಸಂದಿ ಕಿರಿದಾಗುತ್ತದೆ, ಅಲಗು ಅಲ್ಲಾಡುವುದಿಲ್ಲ. ಸವಾಯ್ ಜನ ಇದಕ್ಕೆ ಸಾಧನ ಹುಡುಕಲಿಲ್ಲ. ಉಂಗುರವನ್ನು ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಅಥವಾ ಮರದ ತುಂಡಿಗೆ ಒಮ್ಮೆ ಕುಟ್ಟುತ್ತಾರೆ. ಆ ಪೆಟ್ಟಿಗೆ ಅಲಗು ತಾನೇ ಒಂದಿಷ್ಟು ಹೊರಗೆ ಬರುತ್ತದೆ. ‘ಸವಾಯ್‌ಯವರ ಪೆಟ್ಟು’ ಎಂದೇ ಇದಕ್ಕೆ ಹೆಸರು. ನಮ್ಮ ಮಳೆಯಲ್ಲಿಯೂ ಇದು ನಡೆಯುತ್ತದೆ. ನನ್ನ ನೆರೆಯವರ ಮರದ ಹಿಡಿಯ ಚಾಕುವಿಗೆ ಅಡಿಕೆ ದಬ್ಬೆಯ ಮೇಲೆ ಎರಡು ಪೆಟ್ಟು ಸಾಕಾಯಿತು. ಆದ್ದರಿಂದ ಸ್ಪ್ರಿಂಗಿಲ್ಲದ ಮರದ ಹಿಡಿಯ ಚಾಕು ಮಾತ್ರ ಇರುವವರು ಏನನ್ನೂ ಕೊಳ್ಳಬೇಕಾಗಿಲ್ಲ. ಚಾಕುವನ್ನು ಅಡುಗೆಮನೆಯ ಒಲೆಯಿಂದ ತುಸು ದೂರದಲ್ಲಿ ಒಣಗಿಸಿಟ್ಟುಕೊಂಡರೆ ಆಯಿತು. ಬಿಸಿ ಹೆಚ್ಚಾದರೆ ಮರ ಸೀಳುತ್ತದೆ.

ಮೂರನೆಯದು ಕೊಳೆಯ ಬಿಗಿ. ನಮ್ಮ ಕಡೆಯ ಚಾಕುಗಳಲ್ಲಿ ಅರ್ಧಕ್ಕರ್ಧ ಬಿಗಿ ಇದೇ ಎಂಬುದು ನನ್ನ ಅನುಭವ. ಹಲಸಿನ ಮೇಣ ಒಮ್ಮೆ ಕೀಲಿಗಿಳಿದರೆ ನೀರಿಗೂ ಸೋಪಿಗೂ ಜಗ್ಗುವುದಿಲ್ಲ; ಎಣ್ಣೆಗೆ ಮಾತ್ರ ಬಿಡುತ್ತದೆ. ಹಲಸು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವ ಎಲ್ಲರಿಗೂ ಇದು ಗೊತ್ತು. ಕೀಲಿಗೆ ನಾಲ್ಕು ಹನಿ ಬೆಚ್ಚಗಿನ ತೆಂಗಿನೆಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ಹತ್ತಾರು ಸಲ ಮಡಿಸಿ ಬಿಚ್ಚಿ, ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ ಒಣಗಿಸಬೇಕು. ತೆಂಗಿನೆಣ್ಣೆಯನ್ನು ಅಲ್ಲಿಯೇ ಬಿಡಬಾರದು. ಹವೆ 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ, ಧೂಳನ್ನೂ ಹಿಡಿಯುತ್ತದೆ. ಕೊನೆಗೆ ಹಾಕಬೇಕಾದುದು ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ. ಹೀಗೆ ಮಾಡಿದ ಮೇಲೂ ಬಿಗಿಯಾಗಿಯೇ ಉಳಿದ ಎರಡು ಚಾಕುಗಳನ್ನಷ್ಟೇ ನಾನು ಪರೀಕ್ಷೆಗೆ ಇಟ್ಟುಕೊಂಡೆ: ಒಂದು ಕಸಿ ಚಾಕು, ಇನ್ನೊಂದು ಎರಡು ಅಲಗಿನ ಹಳೆಯ ಜೇಬುಚಾಕು.

ಮೊದಲು ಬಳಸಿದ್ದು ಹಿತ್ತಾಳೆಯ ಸಾಧನ. ಕೀಲಿಕೈ ಗೊಂಚಲಿಗೆ ಸಿಕ್ಕಿಸಬಹುದಾದ, ಕಿರುಬೆರಳಿನಷ್ಟು ಉದ್ದದ ಚಪ್ಪಟೆ ತುಂಡು. ಒಂದು ತುದಿಯಲ್ಲಿ ತೂತು, ಇನ್ನೊಂದು ತುದಿ ಉಗುರಿನಂತೆ ತೆಳುವಾಗಿ ಬಾಗಿದೆ. ಅಂಚೆಯ ಖರ್ಚೂ ಸೇರಿ 380 ರೂಪಾಯಿ ಆಯಿತು. ಅಂಗೈಯಲ್ಲಿಟ್ಟು ನೋಡಿದರೆ ಇಷ್ಟು ಚಿಕ್ಕ ಲೋಹಕ್ಕೆ ಇಷ್ಟು ಹಣವೇ ಅನ್ನಿಸುತ್ತದೆ. ಬಳಸಿದ ಮೇಲೆ ಆ ಮಾತು ಬರುವುದಿಲ್ಲ. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಕೊರೆದಿರುವ ಅರ್ಧಚಂದ್ರದ ಕಚ್ಚಿನೊಳಗೆ ಈ ತುದಿ ಒಮ್ಮೆಗೇ ಕೂರುತ್ತದೆ. ತೋರುಬೆರಳು ಮತ್ತು ಹೆಬ್ಬೆರಳಿನ ನಡುವೆ ಅಗಲವಾದ ಭಾಗವನ್ನು ಹಿಡಿದು ಮಣಿಕಟ್ಟನ್ನು ತಿರುಗಿಸಿದರೆ ಸಾಕು, ಅಲಗು ಏಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಬಲ ಉಗುರಿನ ಮೇಲೆ ಬೀಳದೆ ಎರಡು ಬೆರಳುಗಳ ಮೇಲೂ ಮಣಿಕಟ್ಟಿನ ಮೇಲೂ ಹಂಚಿಹೋಗುತ್ತದೆ ಎಂಬುದು. ನನ್ನ ಹೆಬ್ಬೆರಳಿನ ಬುಡ ನೋಯಲಿಲ್ಲ. ಚಾಕುವಿನ ಉಕ್ಕಿಗಿಂತ ಹಿತ್ತಾಳೆ ಬಹಳ ಮೆದು, ಆದ್ದರಿಂದ ನಾಲ್ಕು ತಿಂಗಳ ಬಳಕೆಯ ನಂತರವೂ ಅಲಗಿನ ಮೇಲೆ ಒಂದು ಗೀರೂ ಬಿದ್ದಿಲ್ಲ. ಸವೆದದ್ದು ಸಾಧನದ ತುದಿಯೇ. ಆಗಸ್ಟಿನಲ್ಲಿ ಒಮ್ಮೆ ಸಣ್ಣ ಅರದಿಂದ ಅದನ್ನು ತೆಳುಮಾಡಿಕೊಂಡೆ.

ಇದಕ್ಕೆ ಕೊರತೆ ಇಲ್ಲದಿಲ್ಲ. ಹಳೆಯ ಜೇಬುಚಾಕುವಿನ ಚಿಕ್ಕ ಅಲಗಿನ ಕಚ್ಚು ಆಳವಿಲ್ಲ, ವರ್ಷಗಟ್ಟಲೆ ಸಾಣೆ ಹಿಡಿದು ಅಲಗೇ ಕಿರಿದಾಗಿದೆ. ಅಲ್ಲಿ ಹಿತ್ತಾಳೆಯ ತುದಿ ಎರಡು ಸಲಕ್ಕೆ ಒಮ್ಮೆ ಜಾರಿತು. ಕಚ್ಚು ಕೀಲಿಗೆ ಹತ್ತಿರವಿದ್ದಷ್ಟೂ ಹೆಚ್ಚು ಬಲ ಬೇಕು, ಅಲಗಿನ ತುದಿಯ ಕಡೆಗಿದ್ದಷ್ಟೂ ಕಡಿಮೆ ಬಲ ಸಾಕು. ಇದನ್ನು ಯಾವ ಸಾಧನವೂ ಬದಲಿಸಲಾರದು. ಒದ್ದೆ ಕೈಗೆ ನುಣುಪಾದ ಹಿತ್ತಾಳೆ ಜಾರುವುದೂ ಉಂಟು. ನಾನು ಹಿಡಿಯುವ ಭಾಗಕ್ಕೆ ಹತ್ತಿಯ ದಾರ ಸುತ್ತಿದ ಮೇಲೆ ಆ ತೊಂದರೆ ತೀರಿತು. ತಯಾರಿಸಿದವರೇ ಅಲ್ಲಿ ಗೆರೆ ಕೊರೆದಿದ್ದರೆ ಚೆನ್ನಾಗಿತ್ತು.

ಇದರ ಜೊತೆಗೇ ಅಗ್ಗದ ಪ್ಲಾಸ್ಟಿಕ್ ಸಾಧನವೊಂದನ್ನು ತರಿಸಿದ್ದೆ. ಅದರ ತುದಿ ಎರಡನೆಯ ವಾರಕ್ಕೆ ಮುರಿಯಿತು. ಹೆಚ್ಚು ಹೇಳುವುದಕ್ಕೇನಿಲ್ಲ.

ಪ್ಲಾಸ್ಟಿಕ್ಕಿನಲ್ಲೇ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಈ ಕೆಲಸಕ್ಕಲ್ಲದ ವಸ್ತು. ಅಂಗಳದ ಕಟ್ಟೆಯ ಮೇಲೆ ಕುಳಿತು ನಾನು ಚಾಕುವಿನೊಡನೆ ಗುದ್ದಾಡುತ್ತಿರುವುದನ್ನು ನೋಡಿದ ಮೊಮ್ಮಗಳು ಒಳಗೆ ಹೋಗಿ ತನ್ನ ಗಿಟಾರ್ ಬಾರಿಸುವ ಬಿಲ್ಲೆಯನ್ನು ತಂದು, “ಅಜ್ಜಾ, ಇದನ್ನ ಹಾಕಿ ನೋಡು” ಎಂದಳು. ನೈಲಾನಿನ ಆ ಮೂರು ಮೂಲೆಯ ಬಿಲ್ಲೆ ಕಚ್ಚಿನಲ್ಲಿ ಸರಿಯಾಗಿ ಕೂತು, ಕಸಿ ಚಾಕು ತೆರೆದುಕೊಂಡಿತು. ಆಮೇಲೆ ಅವಳ ಡಬ್ಬಿಯಲ್ಲಿದ್ದ ಬೇರೆ ಬೇರೆ ದಪ್ಪದವನ್ನೆಲ್ಲ ಹಾಕಿ ನೋಡಿದೆವು. ಅರ್ಧ ಮಿಲಿಮೀಟರಿನದು ಬಾಗಿಹೋಗುತ್ತದೆ, ಒಂದೂವರೆ ಮಿಲಿಮೀಟರಿನದು ಕಚ್ಚಿಗೆ ಇಳಿಯುವುದೇ ಇಲ್ಲ. ಮುಕ್ಕಾಲು ಮಿಲಿಮೀಟರಿನ ಆಸುಪಾಸಿನದು ಸರಿ. ಇಪ್ಪತ್ತು ಮೂವತ್ತು ರೂಪಾಯಿಗೆ ಸಂಗೀತ ವಾದ್ಯಗಳ ಅಂಗಡಿಯಲ್ಲಿ ಸಿಗುವ ಈ ಬಿಲ್ಲೆ ಮಧ್ಯಮ ಬಿಗಿಯ ಚಾಕುವಿಗೆ ಸಾಕು. ತೀರ ಬಿಗಿಯಾದುದಕ್ಕೆ ಸಾಲದು. ಹಿತ್ತಾಳೆಯಂತೆ ಬಲವನ್ನು ನೇರವಾಗಿ ಮುಟ್ಟಿಸದೆ ತಾನೇ ಬಳುಕುತ್ತದೆ. ಆದರೂ ಅಲಗಿಗೆ ಏನೂ ಆಗದು, ಕಳೆದುಹೋದರೆ ದುಃಖವೂ ಇಲ್ಲ.

ನಾಣ್ಯದಿಂದ ತೆರೆಯಬಹುದು ಎಂದು ಹಲವರು ಹೇಳುತ್ತಾರೆ. ಈಗಿನ ನಮ್ಮ ನಾಣ್ಯಗಳ ಅಂಚು ದಪ್ಪ, ಕಚ್ಚಿನ ತುಟಿಯಲ್ಲೇ ನಿಲ್ಲುತ್ತದೆ. ಉಕ್ಕಿನ ನಾಣ್ಯವಾದರೆ ಉಕ್ಕಿಗೆ ಉಕ್ಕು ತಾಗಿ ಗೀರು ಬೀಳುವುದೊಂದೇ ಲಾಭ.

ಅಲಗಿನ ಬೆನ್ನಿಗೆ ಚಿಕ್ಕ ತಿರುಪಿನಿಂದ ಬಿಗಿಯುವ ಗುಬುಟೂ ಮಾರಾಟಕ್ಕಿದೆ. ಹೆಬ್ಬೆರಳಿನಿಂದ ಅದನ್ನು ತಳ್ಳಿ ಒಂದೇ ಕೈಯಲ್ಲಿ ಚಾಕು ತೆರೆಯಬಹುದು ಎಂಬುದು ಅದು ತೋರಿಸುವ ಆಸೆ. ಮರದ ಮೇಲಿರುವವನಿಗೆ ಇದಕ್ಕಿಂತ ಬೇಕಾದದ್ದು ಇನ್ನೇನಿದೆ ಎಂದುಕೊಂಡು ಬಹಳ ನಿರೀಕ್ಷೆಯಿಂದ ಹಾಕಿಸಿದೆ. ಬೆನ್ನಿನ ಸ್ಪ್ರಿಂಗ್ ಇರುವ ಚಾಕುವಿನಲ್ಲಿ ಅದು ನಡೆಯುವುದಿಲ್ಲ. ಗುಬುಟು ಕೂರುವುದು ಕೀಲಿನ ಹತ್ತಿರ, ಅಲ್ಲಿ ಬೇಕಾಗುವ ಬಲ ಹೆಚ್ಚು. ನೋಯುವ ಹೆಬ್ಬೆರಳಿಗೇ ಮತ್ತೆ ಹೊರೆ ಹಾಕಿದಂತಾಯಿತು. ಅದಕ್ಕಿಂತ ಮುಖ್ಯವಾಗಿ, ಕುಡಿಯನ್ನು ಆಪಿನ ಆಕಾರಕ್ಕೆ ಎರಡೂ ಬದಿ ಸವರುವಾಗ ಅಲಗು ಬುಡದಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ನುಣ್ಣಗೆ ಹೋಗಬೇಕು. ನಡುವೆ ಗುಬುಟು ತಡೆದರೆ ಗಾಯದಲ್ಲಿ ಮೆಟ್ಟಿಲು ಬೀಳುತ್ತದೆ, ಮೆಟ್ಟಿಲು ಬಿದ್ದ ಕಡೆ ಕುಡಿಯೂ ಸಸಿಯೂ ಕೂಡುವುದಿಲ್ಲ. ಮೂರನೆಯ ದಿನವೇ ಬಿಚ್ಚಿಟ್ಟೆ. ಒಂದೇ ಕೈಯಲ್ಲಿ ತೆರೆಯುವುದು ಅನಿವಾರ್ಯವಾಗಿರುವವರು ಮೊದಲಿನಿಂದಲೇ ಅದಕ್ಕೆಂದು ಮಾಡಿದ ಚಾಕುವನ್ನು ಕೊಳ್ಳಬೇಕು. ಅಮೆರಿಕದ ಸ್ಪೈಡರ್ಕೋ ಕಂಪನಿ 1981ರಿಂದ ಅಲಗಿನಲ್ಲೇ ಹೆಬ್ಬೆರಳಿಗೊಂದು ದುಂಡು ತೂತು ಕೊರೆದು ಮಾಡುತ್ತಿರುವಂಥವು ಅದಕ್ಕೆ ಮಾದರಿ. ಸ್ಪ್ರಿಂಗಿನ ಚಾಕುವೇ ಬೇಕೆನ್ನುವವರು ಹಿಡಿಯ ಒಂದು ಭಾಗವನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ಬಿಟ್ಟಿರುವುದನ್ನು ಹುಡುಕಬೇಕು. ಅದರಲ್ಲಿ ಅಲಗನ್ನು ಎರಡು ಬೆರಳಿನಿಂದ ಚಿವುಟಿ ಹಿಡಿದೇ ಎತ್ತಬಹುದು, ಉಗುರಿನ ಹಂಗಿಲ್ಲ.

ಇಕ್ಕಳದ ಬಗ್ಗೆ ಬರೆಯದೆ ಬಿಟ್ಟರೆ ತಪ್ಪಾದೀತು, ಏಕೆಂದರೆ ಊರಿನಲ್ಲಿ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ಮೂರು ವರ್ಷದ ಹಿಂದೆ ಮೇಣ ಹಿಡಿದಿದ್ದ ಚಾಕುವೊಂದನ್ನು ನಾನು ಇಕ್ಕಳದಿಂದ ಕಚ್ಚಿ ಎಳೆದೆ. ಅಲಗು ಅರ್ಧ ಎದ್ದಿತು, ಇಕ್ಕಳ ಜಾರಿತು, ಸ್ಪ್ರಿಂಗ್ ಅಲಗನ್ನು ಹಿಂದಕ್ಕೆ ಎಳೆದುಕೊಂಡಿತು. ಹಿಡಿಯ ಸಂದಿಯ ಮೇಲೆ ಅಡ್ಡವಾಗಿದ್ದ ಎಡಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಅಲಗು ಅರ್ಧಕ್ಕಿಂತ ಕಡಿಮೆ ತೆರೆದಿರುವಾಗ ಸ್ಪ್ರಿಂಗ್ ಅದನ್ನು ಮುಚ್ಚುವ ಕಡೆಗೇ ಎಳೆಯುತ್ತದೆ ಎಂಬುದನ್ನು ನಾನು ಆ ದಿನ ಕಲಿತೆ. ಆದ್ದರಿಂದ ಯಾವ ಸಾಧನ ಬಳಸಿದರೂ ಹಿಡಿಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯಬೇಕು, ಅಲಗಿನ ಹರಿತವಾದ ಬಾಯಿ ಬಂದು ಕೂರುವ ಸಂದಿಯ ಮೇಲೆ ಯಾವ ಬೆರಳೂ ಇರಬಾರದು. ಅಲಗು ನೇರಕ್ಕೆ ಎದ್ದು ನಿಂತ ಮೇಲೆ ಸಾಧನವನ್ನು ತೆಗೆದು, ಬೆನ್ನನ್ನು ಚಿವುಟಿ ಹಿಡಿದು ಪೂರ್ತಿ ಬಿಡಿಸಬೇಕು. ಮುಚ್ಚುವಾಗ ಈ ಸಾಧನಗಳಿಂದ ಪ್ರಯೋಜನವಿಲ್ಲ. ಅಲಗಿನ ಬೆನ್ನಿನ ಮೇಲೆ ಅಂಗೈ ಊರಿ ನಿಧಾನವಾಗಿ ಒತ್ತುವುದೇ ದಾರಿ.

ಹಣ ಕೊಟ್ಟು ಕೊಳ್ಳುವುದಾದರೆ ಹಿತ್ತಾಳೆಯದನ್ನೇ ಕೊಳ್ಳಿ ಎನ್ನುತ್ತೇನೆ, ಅದೂ ಚಾಕುವನ್ನು ತೊಳೆದು ಎಣ್ಣೆ ಹಾಕಿ ಒಂದು ವಾರ ಬಳಸಿ ನೋಡಿದ ನಂತರ. ಕೊಳ್ಳುವಾಗ ತುದಿಯ ದಪ್ಪವನ್ನು ಕೇಳಿ ತಿಳಿಯಿರಿ. ಒಂದು ಮಿಲಿಮೀಟರಿಗಿಂತ ದಪ್ಪವಿದ್ದರೆ ನಮ್ಮ ಕಸಿ ಚಾಕುಗಳ ಕಚ್ಚಿಗೆ ಇಳಿಯುವುದಿಲ್ಲ. ಹತ್ತಿರದಲ್ಲಿ ಹಿತ್ತಾಳೆ ಕೆಲಸದವರಿದ್ದರೆ ಅವರಿಂದಲೂ ಮಾಡಿಸಬಹುದು. ನಮ್ಮ ತೋಟದಲ್ಲಿ ಕೆಲಸಕ್ಕೆ ಬರುವ ಇಬ್ಬರಿಗೆ ಸೀಳಿದ ಹಳೆಯ ಚೊಂಬಿನ ತಗಡಿನಲ್ಲಿ ಹಾಗೆಯೇ ಮಾಡಿಸಿಕೊಟ್ಟೆ. ತಗಡು ತೆಳುವಾದ್ದರಿಂದ ಎರಡು ಪದರ ಮಡಿಸಿ ಬಡಿದು, ತುದಿಯಲ್ಲಿ ಮಾತ್ರ ಒಂದೇ ಪದರ ಬಿಟ್ಟರು. ಕೊಂಡದ್ದರಷ್ಟು ಹೊಳಪಿಲ್ಲ, ಆದರೆ ಕಚ್ಚಿನಲ್ಲಿ ಅದಕ್ಕಿಂತ ಚೆನ್ನಾಗಿ ಕೂರುತ್ತದೆ. ಆ ಇಬ್ಬರೂ ಅದನ್ನು ಚಾಕುವಿನ ಹಿಡಿಯ ತುದಿಯಲ್ಲಿರುವ ಬಳೆಗೇ ದಾರದಿಂದ ಕಟ್ಟಿಕೊಂಡಿದ್ದಾರೆ.