ತಾರಸಿಗೆ ಯಾವುದು: 53 ಗ್ರೇಡ್, ಪೊಜೊಲಾನಾ, ಸುಣ್ಣ-ಸುರ್ಕಿ

ವಿಜಯಪುರದ ನಮ್ಮ ಮನೆಯ ಕೆಳಗಿನ ತಾರಸಿಯನ್ನು 53 ಗ್ರೇಡ್ ಸಿಮೆಂಟಿನಲ್ಲಿ, ಅಂದರೆ ಬೂದಿ ಬೆರೆಸದ, ಬೇಗ ಬಲಿಯುವ ಸಿಮೆಂಟಿನಲ್ಲಿ, ಹಾಕಿಸಿದ್ದೆವು. ಎರಡನೆಯ ಮಳೆಗಾಲಕ್ಕೇ ಕೂದಲೆಳೆಯಂಥ ಬಿರುಕುಗಳಿಂದ ನೀರು ಜಿನುಗತೊಡಗಿತು. ಮೇಲಿನ ಕೋಣೆಯ ತಾರಸಿಗೆ ಬೂದಿ ಬೆರೆಸಿದ ಪೊಜೊಲಾನಾ ಸಿಮೆಂಟು, ಅಂದರೆ ಪಿಪಿಸಿ, ತಂದೆ. ನಾಲ್ಕು ಮಳೆಗಾಲ ಕಳೆದರೂ ಅದರ ಒಳಮೈ ಒಣಗಿಯೇ ಇದೆ. ಮೊದಲ ತಾರಸಿಯ ಬಿರುಕಿಗೆ ಸಿಮೆಂಟೊಂದೇ ಕಾರಣವೆನ್ನಲಾರೆ, ಏಪ್ರಿಲ್ ಬಿಸಿಲಿನಲ್ಲಿ ನಾಲ್ಕೇ ದಿನ ನೀರುಣಿಸಿದ್ದೆವು. ಆದರೆ ಬೇಗ ಬಲಿಯುವ ಸಿಮೆಂಟು ಬಲಿಯುವಾಗ ಬಿಸಿಯನ್ನೂ ಬೇಗ ಬಿಡುತ್ತದೆ ಎಂಬುದು ನಮ್ಮ ಊರಿನ ಬೇಸಿಗೆಗೆ ಒಗ್ಗುವ ಗುಣವಲ್ಲ.

ಚೀಲದ ಮೇಲಿರುವ ಪೊಜೊಲಾನಾ ಎಂಬ ಹೆಸರು ಇಟಲಿಯ ನೇಪಲ್ಸ್ ಬಳಿಯ ಪೊಜ್ಜುವೊಲಿ ಊರಿನ ಜ್ವಾಲಾಮುಖಿ ಬೂದಿಯಿಂದ ಬಂದದ್ದು. ರೋಮನ್ನರು ಅಂಥ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿ ಕಟ್ಟಿದರು; ರೋಮ್‌ನ ಪ್ಯಾಂಥಿಯನ್‌ನ 43 ಮೀಟರ್ ಅಗಲದ ಗುಮ್ಮಟ ಒಳಗೆ ಕಬ್ಬಿಣದ ಸರಳಿಲ್ಲದೆ ಸುಮಾರು 1900 ವರ್ಷಗಳಿಂದ ನಿಂತಿದೆ. ನಮ್ಮ ಪಿಪಿಸಿ ಚೀಲದಲ್ಲಿ ಆ ಬೂದಿಯ ಜಾಗದಲ್ಲಿ ಇರುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿ, ನೂರಕ್ಕೆ 15ರಿಂದ 35 ಪಾಲು. ಎರಡೂ ಕರಗಿ ಥಟ್ಟನೆ ತಣಿದು ಗಾಜಿನಂತಾದ ಕಣಗಳಾದ್ದರಿಂದ, ಸಿಮೆಂಟು ನೀರು ಕುಡಿದಾಗ ಹೊರಬರುವ ಸುಣ್ಣದೊಂದಿಗೆ ಕೂಡಿಕೊಂಡು ನಿಧಾನವಾಗಿ ಹೊಸ ಅಂಟನ್ನು ಕಟ್ಟುತ್ತವೆ. ಬೂದಿ ಹೆಚ್ಚಿದಷ್ಟೂ ಕ್ಲಿಂಕರ್, ಅಂದರೆ ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ಸುಟ್ಟು ಮಾಡುವ ಸಿಮೆಂಟಿನ ಮೂಲ ಉಂಡೆ, ಕಡಿಮೆ ಸಾಕು. 1450 ಡಿಗ್ರಿಯಲ್ಲಿ ಕ್ಲಿಂಕರ್ ಬೇಯಿಸುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಣ್ಣಕಲ್ಲಿನೊಳಗಿಂದಲೇ ಬರುವುದರಿಂದ, ಉರುವಲು ಬದಲಿಸಿ ಅದನ್ನು ತಪ್ಪಿಸಲಾಗದು. ನಾನು ಪಿಪಿಸಿಯತ್ತ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ತೊಂದರೆ ಒಂದೇ, ಆದರೆ ಅದು ಸಣ್ಣದಲ್ಲ: ಕಾಯಬೇಕು. ಮೂರನೆಯ ದಿನಕ್ಕೆ 53 ಗ್ರೇಡಿಗೆ 27 ಮೆಗಾಪಾಸ್ಕಲ್ ಬಲವಿರಬೇಕೆಂದು ಮಾನಕ ಹೇಳಿದರೆ, ಪಿಪಿಸಿಗೆ 16 ಸಾಕು ಎನ್ನುತ್ತದೆ. ಈ ಅಂತರ ಅಡ್ಡಗೋಡೆಯಲ್ಲಿ ಗೊತ್ತಾಗುವುದಿಲ್ಲ, ತಾರಸಿಯಲ್ಲಿ ಗೊತ್ತಾಗುತ್ತದೆ. ಏಳನೆಯ ಬೆಳಿಗ್ಗೆ ಗೌಂಡಿ ಆಸರೆಗಂಬಗಳ ಕೆಳಗೆ ನಿಂತು, “ಈ ಸಿಮೆಂಟ್ ಭಾಳ ನಿಧಾನ ಐತ್ರೀ ಸರ, ಆದ್ರ ಬಾಡಿಗಿ ನಿಧಾನ ಆಗಂಗಿಲ್ಲ” ಎಂದ. ಅವನ ಮಾತು ನಿಜವಾಗಿತ್ತು. ಸೆಂಟ್ರಿಂಗ್ ಹಲಗೆಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆ, ಅವನ್ನು ಮುಂದಿನ ಮನೆಗೆ ಒಯ್ಯಬೇಕಾದ ಆತುರ, ಕೆಳಗೆ ನಡೆಯಬೇಕಾದ ಗಿಲಾಯಿ ಕೆಲಸಕ್ಕೆ ತಡೆ.

ನಾನು ಹದಿನಾಲ್ಕು ದಿನ ಬಿಚ್ಚಗೊಡಲಿಲ್ಲ. ತಾರಸಿಯ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿಸಿ, ಅಂಚುಗಳಿಗೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಶಾಲೆಯಿಂದ ಬಂದ ಮೇಲೆ ನಾನೇ ನೀರು ತುಂಬಿಸಿದೆ. ಮಧ್ಯಾಹ್ನದ ಹೊತ್ತಿಗೆ ಕೆಲವು ಮಡಿಗಳು ಬತ್ತಿ ತಳ ಬೆಳ್ಳಗಾಗುತ್ತಿತ್ತು. ಆಗ ನಮ್ಮ ಮನೆಯವರು ಕೊಡದಲ್ಲಿ ನೀರು ಹೊತ್ತು ಹಾಕಿದರು. ಒಣ ಹವೆಯಲ್ಲಿ ಬೂದಿ ಬೆರೆತ ಸಿಮೆಂಟಿಗೆ ಹದಿನಾಲ್ಕು ದಿನ ನೀರುಣಿಸುವುದು ಸೂಕ್ತ ಎಂಬ ನಿಯಮವಿದೆ, ಅದನ್ನು ಬಿಟ್ಟುಕೊಡುವವರು ಈ ಸಿಮೆಂಟನ್ನು ತರಲೇಬಾರದು. ನೀರಿಲ್ಲದಿದ್ದರೆ ಬೂದಿ ಬರಿಯ ತುಂಬುಪುಡಿಯಾಗಿ ಉಳಿಯುತ್ತದೆ.

ಸುಣ್ಣ-ಸುರ್ಕಿಯನ್ನು, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಗಾರೆಯನ್ನು, ಹಿತ್ತಲಿನ ಕೋಣೆಯ ಗಿಲಾಯಿಗೆ ಮಾತ್ರ ಬಳಸಿದೆ. ಕನ್ನಂಬಾಡಿ ಕಟ್ಟೆಯನ್ನೇ ಹಿಡಿದು ನಿಲ್ಲಿಸಿದ ಗಾರೆ ಅದು. ನಮ್ಮ ಕೋಣೆಯೂ ಬೇಸಿಗೆಯಲ್ಲಿ ತಂಪಾಗಿದೆ. ಆದರೆ ಅರೆಯುವವರು ಸಿಗದೆ, ಕೂಲಿ ಸಿಮೆಂಟಿನ ಗಿಲಾಯಿಯ ಎರಡರಷ್ಟಾಯಿತು.

ನಮ್ಮ ಜಿಲ್ಲೆಯ ಕಪ್ಪುಕಲ್ಲೂ ಜ್ವಾಲಾಮುಖಿಯದೇ ಅಲ್ಲವೇ ಎಂದು ಕ್ರಷರ್‌ನ ನಯಪುಡಿಯನ್ನು ಜರಡಿ ಹಿಡಿದು, ಸಿಮೆಂಟಿನ ಕಾಲು ಪಾಲಿನ ಬದಲು ಬೆರೆಸಿ ನಾಲ್ಕು ಇಟ್ಟಿಗೆ ಎರಕ ಹೊಯ್ದೆ. ತಿಂಗಳ ಮೇಲೂ ಅವುಗಳ ಅಂಚು ಉಗುರಿಗೆ ಉದುರುತ್ತಿತ್ತು. ದಖನ್ನಿನ ಲಾವಾ ನಿಧಾನವಾಗಿ ತಣಿದು ಹರಳುಗಟ್ಟಿದೆ, ಪೊಜ್ಜುವೊಲಿಯ ಬೂದಿಯಂತೆ ಗಾಜಾಗಿಲ್ಲ; ಸುಣ್ಣಕ್ಕೆ ಅದು ಸುಲಭವಾಗಿ ಓಗೊಡುವುದಿಲ್ಲ. ಅದು ಮರಳಿನ ಬದಲಿಗೆ ಸರಿ, ಸಿಮೆಂಟಿನ ಬದಲಿಗಲ್ಲ.

ನನಗೆ ಬೋರ್‌ವೆಲ್ ನೀರಿದೆ, ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿದೆ, ಗೃಹಪ್ರವೇಶಕ್ಕೆ ತಿಥಿಯ ಅವಸರವಿರಲಿಲ್ಲ. ಪಿಪಿಸಿ ಅಗ್ಗವಾದ್ದರಿಂದ ಚೀಲಕ್ಕೆ ಉಳಿದ ಇಪ್ಪತ್ತು-ಮೂವತ್ತು ರೂಪಾಯಿ ಹಲಗೆಯ ಹೆಚ್ಚುವರಿ ಬಾಡಿಗೆಗೇ ಹೋಯಿತು, ಅದಕ್ಕೆ ನನಗೆ ಬೇಸರವಿಲ್ಲ. ಬರುವ ದೀಪಾವಳಿಯ ನಂತರ ಕಟ್ಟಿಸುವ ನೀರಿನ ತೊಟ್ಟಿಗೂ ಪಿಪಿಸಿಯನ್ನೇ ಹೇಳಿಟ್ಟಿದ್ದೇನೆ. ಸೆಂಟ್ರಿಂಗ್‌ನವನೊಂದಿಗೆ ಈ ಬಾರಿ ಹದಿನಾಲ್ಕು ದಿನಕ್ಕೆಂದು ಮೊದಲೇ ಒಟ್ಟು ದರ ಮಾತಾಡಿಕೊಂಡಿದ್ದೇನೆ.