ಮಕ್ಕಳ ತಟ್ಟೆಗೆ ಬ್ಯಾಡಗಿ ಮೆಣಸಿನಕಾಯಿ: ಪುಡಿ ಬೇಡ, ಇಡಿಯದೇ ತನ್ನಿ

ದೊಡ್ಡವರಿಗೊಂದು, ಮಕ್ಕಳಿಗೊಂದು ಅಂತ ಎರಡು ಪಾತ್ರೆ ಇಡದೆ ಮನೆಮಂದಿಯೆಲ್ಲ ಒಂದೇ ಹುಳಿಯಲ್ಲಿ ಉಣ್ಣಬೇಕೆಂದರೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಒಣಮೆಣಸಿನಕಾಯಿಗಳಲ್ಲಿ ಬ್ಯಾಡಗಿಗೆ ಸಾಟಿಯಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಾವೇರಿ ಸೀಮೆಯ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಒಂದು ಹಾಕುವಲ್ಲಿ ಇದನ್ನು ಎರಡು ಹಾಕಿದರೂ ನಡೆಯುತ್ತದೆ.

ಪುಡಿಯ ಪ್ಯಾಕೆಟ್ ಮಾತ್ರ ಮಕ್ಕಳ ಅಡುಗೆಗೆ ಬೇಡ. ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡಿನಲ್ಲಿ. ಇಡೀ ಕಾಯಿಯಾದರೆ ಅದನ್ನು ತೆಗೆಯಬಹುದು, ಪುಡಿಯಲ್ಲಿ ಎಲ್ಲವೂ ಸೇರಿಹೋಗಿರುತ್ತದೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ: ಗಿಡ್ಡಗೆ ದಪ್ಪಗಿರುವ ಡಬ್ಬಿಯನ್ನು ಸೀಳಿ ಚೊಕ್ಕ ಮಾಡುವುದು ಸುಲಭ, ಉದ್ದದ ಕಡ್ಡಿಗೆ ತಾಳ್ಮೆ ಬೇಕು. ಬ್ಯಾಡಗಿಯಂತೆಯೇ ಕಾಣುವ ಹೈಬ್ರಿಡ್ ಕಾಯಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಹಾಗಾಗಿ ಮೊದಲು 100 ಗ್ರಾಂ ತಂದು ರುಚಿ ನೋಡಿ.

ನಾಲ್ಕು ಜನರ ಸೌತೆಕಾಯಿ ಹುಳಿಗೆ ಎರಡು ಕಾಯಿಯಿಂದ ಶುರುಮಾಡಿ. ತೊಟ್ಟು ಮುರಿದು, ಸೀಳಿ, ಬೀಜ ಕೊಡವಿ, ದಿಂಡು ಕಿತ್ತುಹಾಕಿ. ಅರ್ಧ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಉಬ್ಬಿ ಗರಿಯಾದ ಕೂಡಲೇ ಇಳಿಸಬೇಕು. ಕಪ್ಪಾದರೆ ಘಾಟಿಗೆ ಮನೆಯೆಲ್ಲ ಕೆಮ್ಮು, ಹುಳಿಗೂ ಕಹಿ. ಅರ್ಧ ಕಪ್ ಕಾಯಿತುರಿ, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ ಸೇರಿಸಿ ನುಣ್ಣಗೆ ರುಬ್ಬಿ. ತರಿತರಿಯಾಗಿದ್ದರೆ ಸಿಪ್ಪೆಯ ಚೂರು ಗಂಟಲಿಗೆ ತಾಗಿ ಮಗು ತುತ್ತು ಉಗುಳುತ್ತದೆ. ದೊಡ್ಡವರ ಖಾರಕ್ಕೆ ಕರಿದ ಬಾಳಕದ ಮೆಣಸು, ಉಪ್ಪಿನಕಾಯಿ ಪಕ್ಕದಲ್ಲಿರಲಿ. ಸೂಜಿಮೆಣಸನ್ನು ಮಾತ್ರ ಈ ಪಾತ್ರೆಯ ಹತ್ತಿರವೂ ತರಬೇಡಿ.

ಒಂದು ವರ್ಷ ದಾಟಿದ ಮಗುವಿಗೆ ಇನ್ನೂ ಮೆತ್ತಗಿನ ಆರಂಭ ಬೇಕೆಂದರೆ ತಂಬುಳಿ. ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆ ತುಪ್ಪದಲ್ಲಿ ಹುರಿದು, ಹತ್ತು ದೊಡ್ಡಪತ್ರೆ ಎಲೆ ಬಾಡಿಸಿ, ಕಾಲು ಕಪ್ ಕಾಯಿತುರಿಯೊಂದಿಗೆ ರುಬ್ಬಿ ಒಂದು ಕಪ್ ಮಜ್ಜಿಗೆಗೆ ಬೆರೆಸಿ. ಇಡೀ ಕಾಳು ಉಳಿಯಬಾರದು. ಹುಳಿ ತಿಂದು ಬಾಯಿ ಉರಿದರೆ ನೀರು ಕುಡಿಸಿ ಪ್ರಯೋಜನವಿಲ್ಲ, ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ. ಎರಡು ತುತ್ತು ಮೊಸರನ್ನ ಕೊಡಿ. ಬೇಡವೆಂದರೆ ಒತ್ತಾಯ ಬೇಡ, ನಾಲ್ಕು ದಿನ ಬಿಟ್ಟು ಒಂದು ಚಮಚದಷ್ಟು ಮತ್ತೆ ಬಡಿಸಿ. ಹತ್ತಾರು ಸಲ ರುಚಿ ನೋಡಿದ ಮೇಲೆ ಒಪ್ಪುವ ಮಕ್ಕಳೂ ಇದ್ದಾರೆ.

ಈ ಕಾಯಿಯ ದೊಡ್ಡ ದೋಷವೆಂದರೆ ನಮ್ಮ ಮಳೆಗಾಲ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಬಂತೆಂದರೆ ಡಬ್ಬದೊಳಗಿನ ಮೆಣಸಿನಕಾಯಿಯೂ ಮೆತ್ತಗಾಗುತ್ತದೆ. ಹೊರಗೆ ಕೆಂಪಗೆ ಚೆನ್ನಾಗಿದ್ದರೂ ಸೀಳಿದಾಗ ಒಳಗೆ ಬೂದುಬಣ್ಣದ ಬೂಸ್ಟು ಕಾಣುವುದುಂಟು. ಅದನ್ನು ತೊಳೆದು, ಹುರಿದು ಬಳಸಬಾರದು; ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲೇ ಕೊಂಡು, ಮುರಿದರೆ ಪಟ್ಟೆಂದು ಸದ್ದಾಗುವವರೆಗೆ ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬಕ್ಕೆ ತುಂಬಿ. ಮಳೆಗಾಲದಲ್ಲಿ ಕೊಳ್ಳಲೇಬೇಕಾದರೆ ಅಂಗಡಿಯಲ್ಲೇ ಒಂದು ಕಾಯಿ ಮುರಿದು ಒಳಗೆ ನೋಡಿ.